ಮೇಸ್ತ್ರಿಗೆ ಕಣ್ಣು ಬಂತು

ಅಜ್ಮತುಲ್ಲಾ ಮೇಸ್ತ್ರಿಗೆ ಕಣ್ಣು ಬಂತು, ಮನೆಯವರ ನೆಮ್ಮದಿ ಹೋಯಿತು. ಹೀಗಂತ ಅವರ ಹೆಂಡತಿ ಖಮರುನ್ನೀಸಾ ಆಮೇಲಾಮೇಲೆ ನಗುತ್ತಾ ಹೇಳುತ್ತಿದ್ದಳು. ಆದರೆ ತೊಂಬತ್ತೇಳನೇ ಇಸವಿಯ ಆ ಮೂರು ತಿಂಗಳು ಅವಳಿಗೆ ಅಷ್ಟು ಸುಲಭವಾಗಿ ನಗು ಬಂದಿರಲಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ಅವರ ಮನೆ. ಮುಂದೆ ತಗಡಿನ ಶೆಡ್ಡು, ಅದರಲ್ಲಿ ಮರಗೆಲಸ. ಹಿಂದೆ ಎರಡು ರೂಮು, ಅಡುಗೆಮನೆ, ಬಟ್ಟೆ ಒಗೆಯುವ ಕಲ್ಲು. ಮದುವೆ ಮಂಚ ಬೇಕೆಂದರೆ ಗುಬ್ಬಿ ಕಡೆಯಿಂದಲೂ ಜನ ಅಜ್ಮತುಲ್ಲಾ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಂಚದ ತಲೆದೆಸೆಯ ಹಲಗೆಯ ಮೇಲೆ ಅವರು ಕೆತ್ತುತ್ತಿದ್ದ ದ್ರಾಕ್ಷಿ ಬಳ್ಳಿ ಅಷ್ಟು ಹೆಸರಾಗಿತ್ತು. ಮನುಷ್ಯ ಮಾತ್ರ ಬಲು ಬಿಗಿ. ಮಾತು ಕಮ್ಮಿ, ನಗು ಇನ್ನೂ ಕಮ್ಮಿ. ಅಬ್ಬಾ ಶೆಡ್ಡಿನಲ್ಲಿದ್ದಾರೆ ಎಂದರೆ ಮಕ್ಕಳು ಉಸಿರು ಹಿಡಿದುಕೊಂಡು ಓಡಾಡಬೇಕಿತ್ತು.

ಅರವತ್ತಾಗುವ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಎರಡು ವರ್ಷ ಅವರು ಗೋಡೆ ಹಿಡಿದುಕೊಂಡೇ ನಡೆದರು. ಲಾರಿ ಬಾಡಿ ಕಟ್ಟುವ ಕಡೆ ಕೆಲಸಕ್ಕಿದ್ದ ಮಗ ಶಾಬಾಜ್ ಅದನ್ನು ಬಿಟ್ಟು ಬಂದು ಶೆಡ್ಡು ನೋಡಿಕೊಂಡ. ಅವನು ನೇರ ಕೆಲಸಗಾರ. ಮಂಚ, ಮೇಜು, ಬಾಗಿಲು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸುತ್ತಿದ್ದ. ಕೆತ್ತನೆ ಮಾತ್ರ ಕೈಗೆ ಹತ್ತಿರಲಿಲ್ಲ. "ಅಬ್ಬಾಗೆ ಕಣ್ಣು ಬರ್ಲಿ, ಮಾಡ್ತಾರೆ" ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಅವನ ಬಾಯಿ ಸವೆದಿತ್ತು.

ಉಚಿತ ಕಣ್ಣಿನ ಕ್ಯಾಂಪಿನಲ್ಲಿ ಆಪರೇಷನ್ ಆಯಿತು. ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಗ್ಗೆ ಖಮರುನ್ನೀಸಾ ಪಕ್ಕದಲ್ಲೇ ನಿಂತಿದ್ದಳು. ಮೇಸ್ತ್ರಿ ಡಾಕ್ಟರನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ಕಿಟಕಿಯ ಮೇಲೆ ಕೂತಿದ್ದ ಪಾರಿವಾಳವನ್ನು ನೋಡಿದರು.

"ಖಮರ್, ಅದರ ಕತ್ತು ನೋಡೇ! ನೇರಳೆ, ಈಗ ಹಸಿರು! ಅಲ್ಲಾಡಿದಂಗೆ ಬದಲಾಗ್ತದೆ!"

"ಡಾಕ್ಟರ್ ಇದಾರೆ, ಸುಮ್ನಿರಿ."

"ಹೆಂಗೆ ಸುಮ್ನಿರ್ಲಿ? ಯಾ ಅಲ್ಲಾಹ್, ಇಷ್ಟೆಲ್ಲಾ ಮಾಡಿಟ್ಟಿದೀಯಲ್ಲಪ್ಪಾ!" ಎಂದು ಆ ಅರವತ್ತೆರಡು ವರ್ಷದ ಮನುಷ್ಯ ಮಂಚದ ಮೇಲೆ ಕೂತು ಗಟ್ಟಿಯಾಗಿ ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಕಣ್ಣೀರು ಹಾಕಬಾರದು ಎಂದು ನರ್ಸು ಬೈದಳು.

ಒಂದು ತಿಂಗಳು ಧೂಳಿನ ಹತ್ತಿರ ಹೋಗಕೂಡದು ಎಂದಿದ್ದರು. ತಿಂಗಳು ಕಳೆದ ದಿನ ಶಾಬಾಜ್ ಶೆಡ್ಡನ್ನು ಗುಡಿಸಿ, ಉಳಿಗಳನ್ನು ಮಸೆದು, ಗುಬ್ಬಿಯ ಆರ್ಡರಿನ ತೇಗದ ಹಲಗೆಯನ್ನು ಬೆಂಚಿನ ಮೇಲೆ ಮಲಗಿಸಿಟ್ಟಿದ್ದ. ಗುಬ್ಬಿಯ ಸ್ಕೂಲ್ ಮೇಷ್ಟ್ರು ಚಿಕ್ಕರಂಗಯ್ಯನವರ ಮಗಳು ಶಿಲ್ಪಾಳ ಮದುವೆಗೆ ಕೊಡುವ ಮಂಚ ಅದು. ಮೇಸ್ತ್ರಿ ಬಂದರು, ಹಲಗೆಯನ್ನು ಸವರಿದರು, "ಒಳ್ಳೇ ಮರ" ಎಂದರು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಹಲಸಿನ ಮರದ ತುಂಡೊಂದನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಅದು ಕೋಳಿಯಾಗಿತ್ತು. ದಾರ ಎಳೆದರೆ ಕತ್ತು ಬಗ್ಗಿಸಿ ಕಾಳು ಹೆಕ್ಕುವ ಕೋಳಿ.

ನಾಲ್ಕು ವರ್ಷದ ಮೊಮ್ಮಗಳು ಯಾಸ್ಮೀನ್ ಅದನ್ನು ಹಿಡಿದುಕೊಂಡು ಬೀದಿಯೆಲ್ಲಾ ಸುತ್ತಿ ಬಂದಳು. ಮಾರನೇ ದಿನ ಬೀದಿಯ ಮಕ್ಕಳೆಲ್ಲಾ ಶೆಡ್ಡಿನ ಮುಂದಿದ್ದರು.

ಅಲ್ಲಿಂದ ಶುರುವಾಯಿತು. ಮೇಸ್ತ್ರಿ ಬೆಳಗಿನ ಜಾವದ ಫಜರ್ ನಮಾಜಿಗೆ ಮಸೀದಿಗೆ ಹೋದವರು ನೇರ ಮನೆಗೆ ಬರುತ್ತಿರಲಿಲ್ಲ. ಹಾಲು ಕರೆಯುವವರ ಹಟ್ಟಿಯ ಮುಂದೆ ನಿಲ್ಲುವರು, ತಿಪ್ಪೆ ಕೆದಕುವ ಕೋಳಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುವರು, ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಬಸ್ಸು ನೋಡುವರು. ಬಿಸಿಲೇರುವ ಹೊತ್ತಿಗೆ ಬಂದು ಹೊಸ್ತಿಲ ಮೇಲೆ ಕೂತರೆ ಕೈ ತಾನಾಗಿ ಓಡುತ್ತಿತ್ತು. ಎಗರುವ ಮೇಕೆ ಮರಿ ಮಾಡಿದರು. ಬಾಲ ಅಲ್ಲಾಡಿಸುವ ಕರು ಮಾಡಿದರು. ಅಮೃತೂರಿನ ಪ್ರೈವೇಟ್ ಬಸ್ಸು ಮಾಡಿದರು, ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ಸಮೇತ.

"ಎಲ್ಲಿಂದ ಹೊಳೀತವೆ ರೀ ಇವೆಲ್ಲಾ?" ಎಂದು ಖಮರುನ್ನೀಸಾ ಒಂದು ದಿನ ಟೀ ಕೊಡುತ್ತಾ ಕೇಳಿದಳು.

"ಎರಡು ವರ್ಷ ನಮಾಜ್ ಮುಗಿಸಿ ಕತ್ತಲಲ್ಲೇ ಕೂತಿದ್ದೆ. ಈಗ ನಮಾಜಿನ ಕೊನೇಲಿ ಸಲಾಮಿಗೆ ಬಲಗಡೆ ಮುಖ ತಿರುಗಿಸಿದ್ರೆ ಬೆಳಕು, ಎಡಗಡೆ ತಿರುಗಿಸಿದ್ರೂ ಬೆಳಕು. ಅಲ್ಲಾಹನಿಗೆ ಶುಕ್ರ್ ಹೇಳೋಕೆ ನಂಗೆ ಬಾಯಲ್ಲಿ ಮಾತು ಬರಲ್ಲ ಕಣೇ. ಇದೊಂದು ಬರ್ತದೆ" ಎಂದು ಕೈಯಲ್ಲಿದ್ದ ಮರದ ಕರುವಿನ ಕಿವಿಯ ಹೊಟ್ಟನ್ನು ಊದಿದರು.

ಅವಳಿಗೆ ಖುಷಿಯೇನೋ ಆಯಿತು. ಆದರೆ ಮನೆಯೊಳಗೆ ಸೊಸೆ ಫಿರ್ದೋಸ್‌ಗೆ ಸಾಕಾಗಿತ್ತು. ಹುಡುಗರು ಚಪ್ಪಲಿ ಕಾಲಲ್ಲೇ ನಡುಮನೆಗೆ ನುಗ್ಗುತ್ತಿದ್ದರು. ಒಂದು ದಿನ ದೋಸೆ ಹಿಟ್ಟಿನಲ್ಲಿ ಮರದ ಹೊಟ್ಟು, ಇನ್ನೊಂದು ದಿನ ಉಕ್ಕಿಹೋದ ಹಾಲು.

"ಅಮ್ಮಿ, ನೀವೇ ಹೇಳಿ ಅಬ್ಬಾಗೆ. ಇವ್ರು ಹೊತ್ತು ಮೂಡೋಕೆ ಮುಂಚೆ ಹೋಗಿ ಗರಗಸ ಹಿಡೀತಾರೆ. ರಾತ್ರಿ ಊಟಕ್ಕೆ ಕೂತ್ರೆ ತೋಳು ಎತ್ತೋಕಾಗಲ್ಲ. ಅಬ್ಬಾ ನೋಡಿದ್ರೆ ಮೇಕೆ ಮರಿ ಮಾಡ್ಕೊಂಡು ಕೂತಿದಾರೆ."

"ಹೇಳ್ತೀನಿ ತಾಳಮ್ಮಾ."

ಹೇಳಲಿಲ್ಲ. ಗಂಡ ನಗುವುದನ್ನು ಖಮರುನ್ನೀಸಾ ನೋಡಿ ಎಷ್ಟು ಕಾಲವಾಗಿತ್ತೋ. ನಿಲ್ಲಿಸುವ ಮನಸ್ಸಾಗಲಿಲ್ಲ.

ಮೊದಲು ತಡೆದದ್ದು ಅವಳ ತಮ್ಮ ಜುಲ್ಫಿಕರ್. ಕ್ಯಾತ್ಸಂದ್ರದಲ್ಲಿ ಅವನದು ಸೈಕಲ್ ಅಂಗಡಿ. ಶುಕ್ರವಾರ, ಜುಮ್ಮಾ ದಿನ ಊಟಕ್ಕೆ ಬಂದವನು ಬಿರಿಯಾನಿ ಮುಂದೆ ಕೂತು, "ಭಾವ, ಜೀವ ಇರೋದರ ಆಕಾರ ಮಾಡೋದು ನಮ್ಮಲ್ಲಿ ಸರಿಯಲ್ಲ. ಗೊತ್ತಲ್ವಾ?" ಎಂದ.

ಮೇಸ್ತ್ರಿಯ ಕೈ ತುತ್ತಿನ ಮೇಲೇ ನಿಂತಿತು. ಅವರು ವಾದಿಸಲಿಲ್ಲ. ಎದ್ದು ಕೈ ತೊಳೆದು, ಟೋಪಿ ಹಾಕಿಕೊಂಡು, ಕೋಳಿಯೊಂದನ್ನು ಜುಬ್ಬಾದ ಜೇಬಿಗಿಟ್ಟುಕೊಂಡು ಮಸೀದಿಯಲ್ಲಿ ನಮಾಜ್ ಮಾಡಿಸುವ ಹಜ್ರತ್ತರ ಹತ್ತಿರ ನಡೆದೇಬಿಟ್ಟರು. ಹಜ್ರತ್ತರು ಬೇಡ ಎಂದರೆ ಗಂಡ ಬಿಟ್ಟುಬಿಡುತ್ತಾರೆ ಎಂಬುದು ಖಮರುನ್ನೀಸಾಗೆ ಗೊತ್ತಿತ್ತು. ಅರ್ಧ ಗಂಟೆ ಅವಳು ಬಾಗಿಲಲ್ಲೇ ನಿಂತಿದ್ದಳು.

ಬಂದಾಗ ಮುಖ ಅರಳಿತ್ತು, ಜೇಬು ಖಾಲಿಯಾಗಿತ್ತು. "ಮಕ್ಕಳು ಆಡೋ ಆಟದ ಸಾಮಾನಿಗೆ ಅಡ್ಡಿ ಇಲ್ಲ ಅಂದ್ರು. ಮನೇಲಿ ಅಲಂಕಾರಕ್ಕೆ ಇಡಬೇಡಿ, ಮಕ್ಕಳ ಕೈಗೇ ಕೊಡಿ ಅಂದ್ರು. ಅಷ್ಟ್ರಲ್ಲಿ ಅವರ ಮೊಮ್ಮಗಳು ಬಂದು ಕೋಳಿ ಕಿತ್ಕೊಂಡು ಓಡಿದ್ಲು."

ಜುಲ್ಫಿಕರ್ ಇನ್ನೇನು ಹೇಳುತ್ತಾನೆ? "ನನ್ನ ಮಗಳಿಗೂ ಒಂದು ಇರ್ಲಿ" ಎಂದ.

ನಿಜವಾದ ಜಗಳ ಗುಬ್ಬಿಯ ಬಸ್ಸು ಹತ್ತಿ ಬಂತು. ನವೆಂಬರ್ ಮೊದಲ ವಾರ ಚಿಕ್ಕರಂಗಯ್ಯ ಮೇಷ್ಟ್ರು ಮಂಚ ಎಲ್ಲಿಗೆ ಬಂತು ನೋಡೋಣ ಎಂದು ಬಂದರು. ಮಂಚದ ಕಾಲು, ಚೌಕಟ್ಟು ಎಲ್ಲಾ ಸಿದ್ಧವಾಗಿತ್ತು. ತಲೆದೆಸೆಯ ಹಲಗೆ ಮಾತ್ರ ಒಂದು ಗೀರೂ ಇಲ್ಲದೆ ಬೆತ್ತಲೆ ಮಲಗಿತ್ತು. ಪಕ್ಕದಲ್ಲಿ ಹತ್ತು ಹನ್ನೆರಡು ಗೊಂಬೆಗಳು ಸಾಲಾಗಿ ನಿಂತಿದ್ದವು.

ಮೇಷ್ಟ್ರು ಬೈಯುವವರಲ್ಲ. ಟವೆಲಿನಿಂದ ಮುಖ ಒರೆಸಿಕೊಂಡು, "ಮದುವೆ ಡಿಸೆಂಬರ್ ಮೂರಕ್ಕೆ ಕಣಪ್ಪ ಶಾಬಾಜು. ನಿಮ್ಮ ತಂದೆಯವರ ಕೈಯದೇ ಬೇಕು ಅಂತ ಮಗಳು ಆಸೆಪಟ್ಟವ್ಳೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡು, ಬೇಜಾರಿಲ್ಲ" ಎಂದರು.

"ಆಗ್ತದೆ ಸಾರ್. ಖಂಡಿತಾ ಆಗ್ತದೆ" ಎಂದು ಶಾಬಾಜ್ ತಲೆ ತಗ್ಗಿಸಿದ. ಅವರು ಬೈಯದೆ ಇದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಅನ್ನ ಮುಟ್ಟಲಿಲ್ಲ. ಫಿರ್ದೋಸ್ ಸಾರು ಬಡಿಸಿದಳು. ಅವನು ತಟ್ಟೆ ನೋಡುತ್ತಲೇ ಕೂತಿದ್ದ.

"ತಿನ್ನು ಬೇಟಾ" ಎಂದಳು ಖಮರುನ್ನೀಸಾ.

"ಅಬ್ಬಾ, ಒಂದು ಮಾತು ಕೇಳ್ತೀನಿ. ಎರಡು ವರ್ಷ ನಾನು ಈ ಶೆಡ್ಡು ನಡೆಸಿದ್ದು ಯಾಕೆ? ನೀವು ಬೀದಿ ಮಕ್ಕಳಿಗೆ ಮೇಕೆ ಮರಿ ಮಾಡ್ಕೊಡ್ಲಿ ಅಂತಾನಾ?"

"ಮಾಡ್ತೀನಿ ಬುಡು. ಹಲಗೆ ಎಲ್ಲಿಗೆ ಹೋಗ್ತದೆ?" ಎಂದರು ಮೇಸ್ತ್ರಿ, ನಿರಾಳವಾಗಿ.

ಆ ನಿರಾಳ ಕಂಡು ಶಾಬಾಜನಿಗೆ ತಡೆಯಲಾಗಲಿಲ್ಲ. "ಬೀದಿಯ ಎಲ್ಲಾ ಮಕ್ಕಳಿಗೂ ಮಾಡಿದ್ರಿ. ನಂಗೆ ಒಂದು ದಿನ ಒಂದು ಗಾಲಿ ಮಾಡ್ಕೊಟ್ಟಿದ್ರಾ? ನಾನೇ ಬುಗುರಿ ಕೆತ್ಕೊಂಡಿದ್ದೆ. ಎಂಟು ವರ್ಷ ನಂಗೆ. ಒಳ್ಳೇ ತೇಗ ಹಾಳು ಮಾಡ್ದೆ ಅಂತ ಕೈ ಮೇಲೆ ಹೊಡೆದು ಒಲೆಗೆ ಹಾಕಿದ್ರಿ. ನಂಗೆ ಕೆತ್ತನೆ ಯಾಕೆ ಬರಲ್ಲ ಅಂತ ಎಲ್ಲಾರೂ ಕೇಳ್ತಾರೆ. ಅವತ್ತಿಂದ ಉಳಿ ಮುಟ್ಟೋಕೆ ಕೈ ನಡುಗ್ತದೆ. ಅದಕ್ಕೆ ಬರಲ್ಲ!"

ಯಾಸ್ಮೀನ್ ಅಮ್ಮನ ಸೆರಗಿನ ಹಿಂದೆ ಸರಿದಳು.

ಮೇಸ್ತ್ರಿ ಮಗನನ್ನೇ ದಿಟ್ಟಿಸಿದರು. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. "ನಂಗೆ ನೆನಪಿಲ್ಲ" ಎಂದರು.

"ನೆನಪಿಲ್ಲ!" ಎಂದು ಶಾಬಾಜ್ ನಕ್ಕ. ಆ ನಗು ಕೇಳಬಾರದಾಗಿತ್ತು.

"ನಂಗೆ ನೆನಪಿದೆ" ಎಂದಳು ಖಮರುನ್ನೀಸಾ. ಕೈಯಲ್ಲಿ ಅನ್ನದ ಸೌಟು ಹಾಗೇ ಇತ್ತು. "ಒಲೆಗೆ ಹಾಕಿದ್ದು ನೀವು. ಅದರ ಉರೀಲಿ ಅವತ್ತಿನ ಅನ್ನ ಬೇಯಿಸಿದವಳು ನಾನು. ಅವನು ಬಾಗಿಲ ಹಿಂದೆ ನಿಂತು ಅಳ್ತಿದ್ದ. ನಾನು ಅನ್ನ ಬಸಿದೆ, ಎಲ್ಲಾರಿಗೂ ಬಡಿಸ್ದೆ. ಒಂದು ಮಾತೂ ಆಡ್ಲಿಲ್ಲ."

ಶಾಬಾಜ್ ಎದ್ದು ಹೋದ. ಮೇಸ್ತ್ರಿ ತಟ್ಟೆಯಲ್ಲಿದ್ದುದನ್ನು ಒಂದಗುಳೂ ಬಿಡದೆ ತಿಂದರು. ಊಟ ಬಿಸಾಡುವ ಮನುಷ್ಯರಲ್ಲ ಅವರು.

ಮಾರನೇ ಬೆಳಗ್ಗೆ ಗೊಂಬೆಗಳೆಲ್ಲಾ ಗೋಣಿಚೀಲದಲ್ಲಿ ತುಂಬಿ ಅಟ್ಟ ಸೇರಿದ್ದವು. ಮೇಸ್ತ್ರಿ ಬೆಂಚಿನ ಮುಂದೆ ಕೂತು ತೇಗದ ಹಲಗೆಯ ಮೇಲೆ ದ್ರಾಕ್ಷಿ ಬಳ್ಳಿಯ ಗೆರೆ ಎಳೆಯುತ್ತಿದ್ದರು. ಮಸೀದಿಯಿಂದ ನೇರ ಮನೆಗೆ, ಮನೆಯಿಂದ ಶೆಡ್ಡಿಗೆ. ಮಕ್ಕಳು ಬಂದರೆ "ಹೋಗ್ರಪ್ಪಾ, ಕೆಲಸ ಇದೆ" ಎನ್ನುವರು. ಬೈಯಲಿಲ್ಲ, ಗದರಲಿಲ್ಲ. ಮಕ್ಕಳು ನಾಲ್ಕು ದಿನ ಬಂದರು, ಐದನೇ ದಿನ ಬರಲಿಲ್ಲ.

ಮನೆಯಲ್ಲಿ ಎಲ್ಲರೂ ಕೇಳಿದ್ದು ಸಿಕ್ಕಿತು. ನಡುಮನೆ ಸ್ವಚ್ಛವಾಯಿತು, ದೋಸೆ ಹಿಟ್ಟಿನಲ್ಲಿ ಹೊಟ್ಟು ಬೀಳಲಿಲ್ಲ, ಹಾಲು ಉಕ್ಕಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. ಫಿರ್ದೋಸ್‌ಗೇ ಅದು ತಡೆಯಲಾಗದೆ, "ಅಬ್ಬಾ, ಇನ್ನೊಂದು ಚೂರು ಪಲ್ಯ?" ಎಂದು ಎರಡೆರಡು ಸಲ ಕೇಳುತ್ತಿದ್ದಳು. "ಸಾಕಮ್ಮಾ" ಎನ್ನುವರು. ಅಷ್ಟೇ.

ಮಂಚ ಹೇಳಿದ ದಿನಕ್ಕೆ ಮುಗಿಯಿತು. ಟೆಂಪೋದಲ್ಲಿ ಹಾಕಿ ಶಾಬಾಜ್ ಗುಬ್ಬಿಗೆ ತಲುಪಿಸಿ ಬಂದ. "ಮೇಷ್ಟ್ರ ಮನೇವ್ರಿಗೆಲ್ಲಾ ತುಂಬಾ ಹಿಡಿಸ್ತು" ಎಂದು ಅಪ್ಪನಿಗೆ ಕೇಳುವಂತೆ ಅಮ್ಮನಿಗೆ ಹೇಳಿದ. ಮೇಸ್ತ್ರಿ "ಹೂಂ" ಎಂದು ಮುಂದಿನ ಹಲಗೆ ಎಳೆದುಕೊಂಡರು.

ಅವತ್ತು ಸಂಜೆ ಯಾಸ್ಮೀನ್ ಅಪ್ಪನ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಾ ತಾತನ ಬಗ್ಗೆ ಕೇಳಿದಳು: "ಅಬ್ಬಾ, ದಾದಾಗೆ ಮತ್ತೆ ಕಣ್ಣು ಹೋಯ್ತಾ?"

"ಇಲ್ಲಮ್ಮಾ, ಯಾಕೆ?"

"ಕೋಳಿ ಬಂದ್ರೂ ನೋಡಲ್ಲ."

ಶಾಬಾಜ್ ಮಗಳ ತಲೆ ಸವರಿದ. ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದ ಖಮರುನ್ನೀಸಾ ತಿರುಗಿ ಮಗನ ಮುಖ ನೋಡಿದಳು. ಅವನು ಟೀ ಲೋಟ ಹಿಡಿದು ಹೊರಗೆ ಹೋದ.

ಡಿಸೆಂಬರಿನಲ್ಲಿ ಶಬೆ ಬರಾತ್ ಬಂತು. ಅವತ್ತು ಒಬ್ಬರ ಹತ್ತಿರ ಒಬ್ಬರು ಮಾಫಿ, ಅಂದರೆ ಕ್ಷಮೆ, ಕೇಳಿಕೊಳ್ಳುವುದು ವಾಡಿಕೆ. ಸಾಮಾನ್ಯವಾಗಿ ಚಿಕ್ಕವರು ದೊಡ್ಡವರನ್ನು ಕೇಳುತ್ತಾರೆ, ದೊಡ್ಡವರು ತಲೆ ಮೇಲೆ ಕೈಯಿಟ್ಟು ದುವಾ ಮಾಡುತ್ತಾರೆ. ಮಧ್ಯಾಹ್ನ ಅತ್ತೆ ಸೊಸೆ ಸೇರಿ ರವೆ ಹಲ್ವಾ ಕೆದಕುತ್ತಿದ್ದಾಗ ಶೆಡ್ಡಿನಲ್ಲಿ ಗರಗಸದ ಸದ್ದು ನಿಂತಿತು. ಖಮರುನ್ನೀಸಾ ಕಿಟಕಿಯಿಂದ ಬಗ್ಗಿ ನೋಡಿದಳು. ಮೇಸ್ತ್ರಿ ಮಗನ ಮುಂದೆ ನಿಂತಿದ್ದರು. ಟೋಪಿ ಕೈಯಲ್ಲಿತ್ತು.

"ಶಾಬಾಜ್, ಮಾಫ್ ಮಾಡು."

"ಏನಬ್ಬಾ ಇದು? ನಾನು ಕೇಳ್ಬೇಕು ನಿಮ್ಮನ್ನ."

"ಇಲ್ಲ, ಕೇಳು. ಆವತ್ತಿಂದ ನೆನಪು ಮಾಡ್ಕೊಳ್ತಾನೇ ಇದೀನಿ. ಬುಗುರಿ ನೆನಪಾಗ್ಲಿಲ್ಲ. ನಿನ್ನ ಅಳು ನೆನಪಾಗ್ಲಿಲ್ಲ. ಅದಕ್ಕೇ ಭಯ ಆಗ್ತಿದೆ ನಂಗೆ. ನೆನಪಿಲ್ಲದೆ ಇನ್ನೇನೇನು ಮಾಡಿದೀನೋ." ಟೋಪಿಯನ್ನು ಎರಡು ಮಡಿಕೆ ಮಾಡಿದರು. "ಆಗ ಎರಡೂ ಕಣ್ಣು ನೆಟ್ಟಗಿದ್ವು. ಆದ್ರೂ ಬರೀ ಮರ ಕಾಣಿಸ್ತಿತ್ತು. ಮಗು ಕಾಣಿಸ್ಲಿಲ್ಲ."

ಶಾಬಾಜ್ ಗರಗಸವನ್ನು ಬೆಂಚಿನ ಮೇಲಿಟ್ಟ. ಮತ್ತೆ ಎತ್ತಿಕೊಂಡ. ಮತ್ತೆ ಇಟ್ಟ. "ಬುಡಿ ಅಬ್ಬಾ" ಎಂದ. "ಬುಡಿ."

ಖಮರುನ್ನೀಸಾ ಹಲ್ವಾದ ಸೌಟನ್ನು ಸೊಸೆಯ ಕೈಗೆ ಕೊಟ್ಟು ಹೊರಗೆ ಹೋದಳು. "ನಂಗೂ ಮಾಫ್ ಮಾಡು ಬೇಟಾ" ಎಂದು ಹೇಳಬೇಕೆಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಮಗ ಅವಳ ರವೆ ಮೆತ್ತಿದ ಕೈಯನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. ಒಳಗಿನಿಂದ ಫಿರ್ದೋಸ್, "ಅಮ್ಮಿ, ತಳ ಹಿಡೀತಿದೆ, ತುಪ್ಪ ಎಷ್ಟು ಹಾಕ್ಲಿ?" ಎಂದು ಕೂಗಿದಳು.

"ಧಾರಾಳವಾಗಿ ಹಾಕಮ್ಮಾ!" ಎಂದು ಮೇಸ್ತ್ರಿಯೇ ಉತ್ತರ ಕೊಟ್ಟರು.

ಒಪ್ಪಂದ ಮಾಡಿದವನು ಶಾಬಾಜ್. ಅಟ್ಟದಿಂದ ಗೋಣಿಚೀಲ ಇಳಿಸಿ, "ಬಿಸಿಲೇರೋವರೆಗೂ ಹೊತ್ತು ನಿಮ್ದು ಅಬ್ಬಾ. ಆಮೇಲೆ ನಂದು, ಮಂಚದ್ದು. ಹುಡುಗ್ರು ಶೆಡ್ಡಿನ ಮುಂದುಗಡೆ ಇರ್ಬೇಕು, ಒಳಗೆ ಬಂದ್ರೆ ಫಿರ್ದೋಸ್ ನನ್ನ ಬೈತಾಳೆ" ಎಂದ. ಅಪ್ಪ ಒಪ್ಪಿದರು. ಒಂದು ವಾರ ಕಳೆದ ಮೇಲೆ ಅವರೇ ಸಣ್ಣ ಉಳಿಯೊಂದನ್ನು ಮಗನ ಮುಂದೆ ಸರಿಸಿ, "ಬೆಂಡಿನ ಮೇಲೆ ಶುರು ಮಾಡು. ಮೆತ್ತಗಿರ್ತದೆ. ಕೈ ನಡುಗಿದ್ರೂ ಪರವಾಗಿಲ್ಲ, ನಡುಗಿದ್ದೇ ಎಲೆಯ ಅಂಚಾಗ್ತದೆ" ಎಂದರು. ಶಾಬಾಜ್ ಮಾಡಿದ ಮೊದಲ ಎಲೆ ಎಲೆಯಂತಿರಲಿಲ್ಲ. ಯಾಸ್ಮೀನ್ ಅದನ್ನು ಮೀನು ಎಂದಳು. ಅಪ್ಪ ಮಗ ಇಬ್ಬರೂ, "ಹೌದಲ್ಲಾ, ಮೀನೇ!" ಎಂದು ಒಟ್ಟಿಗೆ ನಕ್ಕರು. ಖಮರುನ್ನೀಸಾ ಅವತ್ತು ಸಂಜೆಯ ಮಗ್ರಿಬ್ ನಮಾಜಿನ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಕೂತಳು. ಕೇಳಿಕೊಳ್ಳಲು ಏನೂ ನೆನಪಾಗಲಿಲ್ಲ. ಸುಮ್ಮನೆ ಶುಕ್ರ್ ಶುಕ್ರ್ ಎಂದುಕೊಂಡಳು.

ರಂಜಾನ್ ತಿಂಗಳಿಗೆ ಇನ್ನು ಐದಾರು ದಿನ ಇತ್ತು. ಅವಳು ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಾಗ ಮೇಸ್ತ್ರಿ ಬಂದು ಎದುರಿಗೆ ಕೂತರು.

"ಖಮರ್, ನಿಂಗೇನು ಮಾಡ್ಕೊಡ್ಲಿ?"

"ನಂಗಾ? ಲಟ್ಟಣಿಗೆ ಸವೆದಿದೆ. ಅದೊಂದು ಮಾಡಿ."

"ಲಟ್ಟಣಿಗೆ ಶಾಬಾಜ್ ಮಾಡ್ತಾನೆ. ಆಡೋಕೆ ಏನು ಬೇಕು ಅಂತ ಕೇಳ್ತಿದೀನಿ."

ಅವಳಿಗೆ ನಗು ಬಂತು. ಐವತ್ತೆಂಟು ವರ್ಷದ ಹೆಂಗಸು ಆಡುವುದೇನು? ಮೊರ ಎರಡು ಸಲ ಕೇರಿದಳು. ಮೂರನೇ ಸಲ ಕೈ ನಿಂತಿತು. ಕುಣಿಗಲ್‌ನಲ್ಲಿ ಅವಳ ತವರು. ಏಳು ಮಕ್ಕಳಲ್ಲಿ ಅವಳೇ ಹಿರಿಯಳು. ಊರಂಚಿನಲ್ಲಿ ಕುದುರೆ ಫಾರಂ. ನೀರಿಗೆ ಹೋದಾಗ, ಸೌದೆಗೆ ಹೋದಾಗ, ಒಂದು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬೇಲಿಯ ಸಂದಿಯಿಂದ ನೋಡುತ್ತಾ ನಿಂತುಬಿಡುತ್ತಿದ್ದಳು. ತಡವಾಯಿತೆಂದು ಅಮ್ಮನ ಕೈಲಿ ಬೈಗುಳ ತಿನ್ನುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಸಂಗತಿ ಎಂದೂ ಅನಿಸಿರಲಿಲ್ಲ.

"ಕುದುರೆ" ಎಂದಳು. "ನಿಂತಿರೋದಲ್ಲ. ಓಡೋ ಕುದುರೆ."

ಮೇಸ್ತ್ರಿ ಗಡ್ಡ ಕೆರೆದುಕೊಂಡರು. "ಕುದುರೆ ಓಡೋದನ್ನ ನಾನು ಸರಿಯಾಗಿ ನೋಡೇ ಇಲ್ವಲ್ಲೇ. ಬಾ, ತೋರಿಸು."

ಮಾರನೇ ಬೆಳಗ್ಗೆ ಇಬ್ಬರೂ ಮೊದಲ ಬಸ್ಸಿಗೆ ಕುಣಿಗಲ್‌ಗೆ ಹೊರಟರು. ಫಿರ್ದೋಸ್ ಚಪಾತಿ ಸುತ್ತಿ ಕೊಟ್ಟಳು, ಶಾಬಾಜ್ ತನ್ನ ಸ್ವೆಟರನ್ನು ಅಪ್ಪನಿಗೆ ಹಾಕಿ ಗುಂಡಿ ಹಾಕಿದ. ಬಸ್ಸಿಳಿದು ನಡೆದು ಬೇಲಿಯ ಹತ್ತಿರ ಬರುವಾಗ ಮಂಜು ಇನ್ನೂ ಹುಲ್ಲಿನ ಮೇಲೇ ಇತ್ತು. ದೂರದಲ್ಲಿ ಮೂರು ನಾಲ್ಕು ಹೆಣ್ಣು ಕುದುರೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಖಮರುನ್ನೀಸಾ ಬೇಲಿಗೆ ಎರಡೂ ಕೈ ಊರಿ ನಿಂತಳು. ಅವಳ ಸೊಂಟದ ಮೇಲೆ ಈಗ ಯಾವ ಮಗುವೂ ಇರಲಿಲ್ಲ. ಹೊತ್ತಾಯಿತು ಬಾ ಎಂದು ಕೂಗುವವರೂ ಇರಲಿಲ್ಲ.

ಕಂದು ಬಣ್ಣದ ಮರಿಯೊಂದು ತಾಯಿಯ ಪಕ್ಕದಿಂದ ಯಾಕೋ ಏನೋ ಚಂಗನೆ ನೆಗೆದು ಓಡಲು ಶುರುಮಾಡಿತು. ಬಾಲ ಎತ್ತಿಕೊಂಡು, ಒಂದು ದೊಡ್ಡ ಸುತ್ತು ಹಾಕಿಕೊಂಡು ಬೇಲಿಯ ಹತ್ತಿರದಿಂದಲೇ ಹಾದುಹೋಯಿತು. ಮೇಸ್ತ್ರಿ ಬೇಲಿಯ ಮೇಲಿಂದ ಬಗ್ಗಿದರು, ಟೋಪಿ ಆ ಕಡೆ ಬಿತ್ತು.

"ಖಮರ್! ಒಂದು ಗಳಿಗೆ ನಾಲ್ಕು ಕಾಲೂ ನೆಲ ಬಿಟ್ಟಿರ್ತವೆ ಕಣೇ!"

"ಹೂಂ. ಆ ಗಳಿಗೇಲಿ ಕಿವಿ ಹಿಂದಕ್ಕೆ ಮಡಚ್ಕೊಂಡಿರ್ತವೆ. ಅದನ್ನೂ ನೋಡ್ಕೊಳ್ಳಿ, ಆಮೇಲೆ ಮರೀತೀರಿ."

ಅವರು ತಿರುಗಿ ಅವಳನ್ನೇ ನೋಡಿದರು. ಮರಿ ಇನ್ನೊಂದು ಸುತ್ತು ಬರುತ್ತಿತ್ತು, ಅದನ್ನು ನೋಡಲಿಲ್ಲ. "ಯಾವಾಗ ನೋಡಿದ್ದೆ ನೀನು ಇದನ್ನೆಲ್ಲಾ?"

"ಹತ್ತು ವರ್ಷ ಇದ್ದಾಗ."

"ಇನ್ನೇನೇನು ನೋಡಿದೀಯಾ? ಹೇಳು."

ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಒಂದು ಕ್ಷಣ ನಾಚಿಕೆಯಾಯಿತು. ಆಮೇಲೆ, ಇದೇ ಬೇಲಿಯ ಹತ್ತಿರ ಬಿಳಿ ಕುದುರೆಯೊಂದು ಅವಳ ಕೈಯಿಂದ ಬೆಲ್ಲ ತಿಂದದ್ದು, ಅದರ ತುಟಿ ಎಷ್ಟು ಮೆತ್ತಗಿತ್ತು ಎಂಬುದು, ಅಲ್ಲಿಂದ ಶುರು ಮಾಡಿದಳು. ತುಮಕೂರಿಗೆ ವಾಪಸು ಹೋಗುವ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಾ ಹೋಯಿತು. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅವಳು ಹೇಳುತ್ತಲೇ ಇದ್ದಳು.